ಎಫ್‌ಎಂ ಪ್ರ್ಯಾಂಕ್ ಕಾಲ್: ಕೊನೆಯಲ್ಲಿ ಕೇಳುವ ಆ ‘ಓಕೆ’ಯನ್ನು ದಯವಿಟ್ಟು ಕೊಡಬೇಡಿ

ಮನೆಯಲ್ಲಿ ಮದುವೆ ಇಟ್ಟುಕೊಂಡವರು, ವಯಸ್ಸಾದ ಅಪ್ಪ ಅಮ್ಮ ಇರುವವರು ಇದನ್ನು ಪೂರ್ತಿ ಓದಿ. ಎಫ್‌ಎಂ ರೇಡಿಯೋದ ನಿರೂಪಕರು (ಆರ್‌ಜೆ) ತಮಾಷೆಗೆ ಸುಳ್ಳು ಹೇಳಿ ಫೋನ್ ಮಾಡಿ, ಆ ಮಾತನ್ನು ಪ್ರಸಾರ ಮಾಡುವುದೇ ಪ್ರ್ಯಾಂಕ್ ಕಾಲ್. ಸ್ಟೇಷನ್ ಹೆಸರು ಹಾಕುತ್ತಿಲ್ಲ. ಯಾವ ಸ್ಟೇಷನ್ ಆದರೂ ನಡೆಯುವ ರೀತಿ ಇದೇ.

ಮದುವೆ ಮನೆಯವರೊಬ್ಬರಿಗೆ ಬಂದ ಕರೆ ಹೀಗಿತ್ತು: ‘ಛತ್ರದಿಂದ ಮಾತಾಡ್ತಿರೋದು. ನಿಮ್ಮ ಡೇಟು ಬೇರೆ ಪಾರ್ಟಿಗೆ ಹೋಗಿದೆ. ಅಡ್ವಾನ್ಸ್ ವಾಪಸ್ ಬರಲ್ಲ.’ ಮದುವೆಗೆ ಹನ್ನೊಂದು ದಿನ ಇತ್ತು. ಲಗ್ನಪತ್ರಿಕೆ ಹಂಚಿ ಆಗಿತ್ತು. ಮೊದಲು ಜಗಳ, ಆಮೇಲೆ ‘ಕೈ ಮುಗಿತೀನಿ ಕಣಪ್ಪ’ ಅಂತ ಬೇಡಿಕೊಂಡಿದ್ದು, ಆಮೇಲೆ ಅಳು. ಆಗ ಆ ಕಡೆಯಿಂದ ನಗು. ‘ಸರ್, ನಾನು ಆರ್‌ಜೆ! ಏರ್ ಮೇಲೆ ಹಾಕ್ತೀವಿ, ಓಕೆ ಅಲ್ವಾ ಸರ್?’

ಆ ಕ್ಷಣವನ್ನು ಗಮನಿಸಿ. ಛತ್ರ ಹೋಗಿಲ್ಲ ಅಂತ ಗೊತ್ತಾದ ಕೂಡಲೇ ಎದೆ ಮೇಲಿನ ಕಲ್ಲು ಇಳಿದಂತಾಗುತ್ತೆ. ಆ ನೆಮ್ಮದಿಯಲ್ಲಿ ಯಾರು ಏನು ಕೇಳಿದರೂ ‘ಓಕೆ ಓಕೆ’ ಅಂತಲೇ ಬಾಯಿಗೆ ಬರೋದು. ಅವರಿಗೆ ಬೇಕಾಗಿರೋದು ಆ ಒಂದು ಪದ. ಅದನ್ನು ಒಪ್ಪಿಗೆ ಅಂತ ಎತ್ತಿಟ್ಟುಕೊಳ್ಳುತ್ತಾರೆ. ಅದು ಒಪ್ಪಿಗೆ ಅಲ್ಲ. ಹೆದರಿಸಿ, ಅಳಿಸಿ, ಅದರ ಮೇಲೆ ತೆಗೆದುಕೊಂಡಿದ್ದು ಒಪ್ಪಿಗೆ ಹೇಗಾಗುತ್ತೆ?

ಇದು ಲೈವ್ ಅಂತ ತುಂಬ ಜನ ತಿಳಿದಿದ್ದಾರೆ. ಹೆಚ್ಚಿನವು ಮೊದಲೇ ರೆಕಾರ್ಡ್ ಆದವು. ನಿಮಗೆ ಬೇಕಾದವರೇ ನಿಮ್ಮ ನಂಬರ್, ಹೆಸರು, ಮನೆಯಲ್ಲಿ ಏನು ನಡೀತಿದೆ ಅನ್ನೋದನ್ನು ಕಳಿಸಿರುತ್ತಾರೆ. ನಿಮ್ಮ ಫೋನ್ ಲೈನು ‘ಹೈಬ್ರಿಡ್’ ಅನ್ನೋ ಉಪಕರಣದ ಮೂಲಕ, ದನಿಗಳನ್ನು ಬೆರೆಸುವ ಮಿಕ್ಸರ್‌ಗೆ ಬರುತ್ತೆ. ಆರ್‌ಜೆ ದನಿ ಒಂದು ಟ್ರ್ಯಾಕ್, ನಿಮ್ಮ ದನಿ ಇನ್ನೊಂದು ಟ್ರ್ಯಾಕ್, ಅಂದರೆ ಎರಡೂ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತವೆ. ಅಪಾಯ ಇರೋದೇ ಇಲ್ಲಿ. ಬೇರೆ ಬೇರೆ ಟ್ರ್ಯಾಕ್ ಇದ್ದರೆ ನೀವು ಮರ್ಯಾದೆಯಿಂದ ಆಡಿದ ಹತ್ತು ನಿಮಿಷ ಕತ್ತರಿಸಿ, ಬೈದ ಹತ್ತು ಸೆಕೆಂಡ್ ಮಾತ್ರ ಉಳಿಸಬಹುದು. ನಿಮ್ಮ ಉತ್ತರವನ್ನು ಬೇರೆ ಪ್ರಶ್ನೆಯ ಹಿಂದೆ ಕೂರಿಸಬಹುದು. ಕೇಳುವವರಿಗೆ ಗೊತ್ತೇ ಆಗಲ್ಲ.

ಮಾರನೇ ದಿನ ‘ಹಾಕಬೇಡಿ’ ಅಂತ ಫೋನ್ ಮಾಡಿದರೆ ಸಿಕ್ಕ ಉತ್ತರಗಳು ಇವು. ‘ನೀವೇ ಓಕೆ ಅಂದ್ರಲ್ಲ ಸರ್.’ ‘ಸ್ಪೋರ್ಟಿವ್ ಆಗಿ ತಗೊಳ್ಳಿ.’ ‘ಪ್ರೋಮೋ ಆಗ್ಲೇ ಹೋಗ್ತಿದೆ.’ ಕೊನೆಗೆ ಬಂದಿದ್ದು, ‘ನಿಮ್ಮ ಭಾವಮೈದುನನೇ ನಂಬರ್ ಕೊಟ್ಟಿದ್ದು ಸರ್, ನಮ್ಮದೇನಿದೆ?’ ನಂಬರ್ ಕೊಟ್ಟವನು ಒಪ್ಪಿದರೆ ಫೋನ್ ಎತ್ತಿದವನೂ ಒಪ್ಪಿದ ಹಾಗಾ? ಅತ್ತಿದ್ದು ಅವನಲ್ಲವಲ್ಲ!

‘ಒಂದು ತಮಾಷೆಗೆ ಇಷ್ಟು ದೊಡ್ಡದು ಮಾಡ್ತೀರಾ’ ಅನ್ನುವವರು 2012ರ ಡಿಸೆಂಬರ್ ನೆನಪಿಸಿಕೊಳ್ಳಿ. ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು ಬ್ರಿಟನ್ ರಾಣಿ, ರಾಜಕುಮಾರ ಚಾರ್ಲ್ಸ್ ಅಂತ ಹೇಳಿಕೊಂಡು ಲಂಡನ್ನಿನ ಕಿಂಗ್ ಎಡ್ವರ್ಡ್ ಸೆವೆಂತ್ ಆಸ್ಪತ್ರೆಗೆ ಫೋನ್ ಮಾಡಿದರು. ರಾಜಕುಮಾರ ವಿಲಿಯಂ ಪತ್ನಿ, ಗರ್ಭಿಣಿ ಕೇಟ್ ಅಲ್ಲಿ ದಾಖಲಾಗಿದ್ದರು. ಬೆಳಗಿನ ಜಾವ ಫೋನ್ ಎತ್ತಿ, ನಂಬಿ, ವಾರ್ಡಿಗೆ ಕೊಟ್ಟವರು ಮಂಗಳೂರು ಮೂಲದ ನರ್ಸ್. ಮೂರು ದಿನಕ್ಕೆ ಅವರು ಜೀವ ಕಳೆದುಕೊಂಡರು. ಅವರ ದೇಹ ಉಡುಪಿ ಜಿಲ್ಲೆಯ ಶಿರ್ವದ ಮಣ್ಣಿಗೆ ಬಂತು. ಆ ಸ್ಟೇಷನ್ ಕಡೆಯವರು ಹೇಳಿದ್ದೇನು ಗೊತ್ತಾ? ಪ್ರಸಾರಕ್ಕೆ ಮೊದಲು ಆಸ್ಪತ್ರೆಯನ್ನು ಐದು ಸಲ ಸಂಪರ್ಕಿಸಲು ನೋಡಿದ್ದೆವು ಅಂತ. ಐದು ಸಲ ನೋಡಿಯೂ ಒಪ್ಪಿಗೆ ಸಿಗದಿದ್ದರೆ ಹಾಕಬಾರದು ಅಂತ ತಾನೇ ಅರ್ಥ? ಹಾಕಿದರು. ಒಪ್ಪಿಗೆಯಿಲ್ಲದ ಖಾಸಗಿ ಮಾತನ್ನು ಹಾಕಿ ಲೈಸೆನ್ಸ್ ಷರತ್ತು ಮುರಿದಿದ್ದಾರೆ ಅಂತ ತೀರ್ಮಾನಿಸುವ ಅಧಿಕಾರ ಪ್ರಸಾರ ನಿಯಂತ್ರಕರಿಗಿದೆ ಅಂತ ಆಸ್ಟ್ರೇಲಿಯಾದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ಅಮೆರಿಕದಲ್ಲಂತೂ ಪ್ರಸಾರಕ್ಕಾಗಿ ಫೋನ್ ರೆಕಾರ್ಡ್ ಮಾಡುವುದಾದರೆ ಶುರು ಮಾಡುವ ಮೊದಲೇ ತಿಳಿಸಬೇಕು, ನಿಯಮವೇ ಇದೆ.

ನಮ್ಮಲ್ಲೂ ಖಾಸಗಿ ಎಫ್‌ಎಂಗಳು ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಪಾಲಿಸಬೇಕು ಅನ್ನೋದು ಅವರ ಅನುಮತಿಯ ಷರತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆರ್‌ಜೆ ಹತ್ತಿರ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ, ಪ್ರೋಗ್ರಾಮಿಂಗ್ ಹೆಡ್‌ಗೆ ಬರೆಯಬೇಕು.

ಏನು ಮಾಡಬೇಕು ಅಂದರೆ, ‘ನಾನು ಆರ್‌ಜೆ’ ಅಂದ ತಕ್ಷಣ ನಗಬೇಡಿ. ‘ಇದನ್ನು ಪ್ರಸಾರ ಮಾಡಬೇಡಿ, ನನ್ನ ಒಪ್ಪಿಗೆ ಇಲ್ಲ’ ಅಂತ ತಾರೀಖು ಸಮೇತ ಎರಡು ಸಲ ಹೇಳಿ. ಅವರು ರೆಕಾರ್ಡ್ ಮಾಡುತ್ತಲೇ ಇರುತ್ತಾರೆ, ನಿಮ್ಮ ‘ಇಲ್ಲ’ವೂ ಅದರಲ್ಲಿ ಸೇರುತ್ತೆ. ಕಾಲ್ ಲಾಗ್ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅದೇ ದಿನ, ಅದೇ ದಿನವೇ, ಮೇಲ್ ಹಾಕಿ. ಎಡಿಟ್ ಮುಗಿದು ಪ್ರೋಮೋ ಹೋದ ಮೇಲೆ ಯಾರೂ ಕೇಳಲ್ಲ. ಮೇಲ್‌ನಲ್ಲಿ ರೇಡಿಯೋ ಅಂತ ಮಾತ್ರ ಬರೆಯಬೇಡಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಪಾಡ್‌ಕಾಸ್ಟ್ ಎಲ್ಲದರ ಹೆಸರೂ ಬರೆಯಿರಿ. ಈ ಮದುವೆ ಮನೆಯವರ ವಿಷಯದಲ್ಲಿ ಆ ತಪ್ಪೇ ಆಗಿದ್ದು. ಸ್ಟೇಷನ್‌ನವರು ಬಗ್ಗದಿದ್ದರೆ ಕೇಂದ್ರ ಸರ್ಕಾರಕ್ಕೆ ದೂರು ಕೊಡುವ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ದೂರು ಕೊಡಿ. ಯೂಟ್ಯೂಬ್‌ಗೆ ಪ್ರೈವೆಸಿ ದೂರು ಬೇರೆ ಕೊಡಬೇಕು, ವಿಡಿಯೋದ ಯಾವ ನಿಮಿಷದಲ್ಲಿ ಹೆಸರು ಬರುತ್ತೆ ಅನ್ನೋದನ್ನೂ ಬರೆದು.

ನೆಂಟರೇ, ಸ್ನೇಹಿತರೇ, ಯಾರದ್ದೇ ನಂಬರ್ ಕಳಿಸಬೇಡಿ. ಮದುವೆ ಮನೆಯದ್ದಂತೂ ಬೇಡವೇ ಬೇಡ.

ಮೂರನೇ ಮೇಲ್ ಆದ ಮೇಲೆ ರೇಡಿಯೋದಲ್ಲಿ ಮರುಪ್ರಸಾರ ನಿಂತಿದೆ. ಯೂಟ್ಯೂಬ್‌ನಲ್ಲಿ ಆ ಅಳು ಇವತ್ತಿಗೂ ಇದೆ, ಕೆಳಗೆ ನಗುವ ಇಮೋಜಿಗಳ ಸಾಲು.