ಫ್ಲೈಟ್‌ಗಿಯರ್ ಸೀನರಿ: ಹಲವು ವರ್ಷ ಹಾರಿಸಿದ ಮೇಲೆ ಹೇಳುವ ಮಾತು

ಮೊದಲೇ ಹೇಳಿಬಿಡುತ್ತೇನೆ. ಫ್ಲೈಟ್‌ಗಿಯರ್‌ನಲ್ಲಿ ಬೆಟ್ಟಗುಡ್ಡ ಬಹಳ ಚೆನ್ನಾಗಿವೆ, ಊರುಕೇರಿ ಅಷ್ಟಕ್ಕಷ್ಟೆ. ಆದರೆ ನೆಲ ಕೈಕೊಟ್ಟಾಗ ಅದು ಎಲ್ಲಿ ಕೈಕೊಟ್ಟಿತು ಅಂತ ನಾವೇ ಫೈಲು ತೆರೆದು ನೋಡಬಹುದು. ಈ ಒಂದು ಗುಣಕ್ಕಾಗಿಯೇ ನಾನು ಇಷ್ಟು ವರ್ಷ ಇದನ್ನು ಬಿಟ್ಟಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ದುಡ್ಡಿಲ್ಲದೆ ಸಿಗುವ ವಿಮಾನ ಸಿಮ್ಯುಲೇಟರ್. ಸ್ವಯಂಸೇವಕರು 1990ರ ದಶಕದಿಂದ ಕಟ್ಟುತ್ತಾ ಬಂದಿದ್ದಾರೆ. ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಮಾನಗಳು ಹೇಗಿವೆ, ಹವಾಮಾನ ಹೇಗಿದೆ ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಕೆಳಗೆ ಕಾಣುವ ನೆಲದ, ಅಂದರೆ ಸೀನರಿಯ ಬಗ್ಗೆ ಮಾತ್ರ, ಅದರಲ್ಲೂ ಕರಾವಳಿಯಿಂದ ಬೆಂಗಳೂರಿನವರೆಗಿನ ನಮ್ಮ ಕಡೆಯ ನೆಲದ ಬಗ್ಗೆ. ನಾನು ಜಾಸ್ತಿ ಹಾರಿಸೋದು ಅಲ್ಲೇ.

ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಬೆಂಗಳೂರು ಆರಿಸಿದೆ, ಸುತ್ತ ಬರೀ ಸಮುದ್ರ ಇದೆ, ಯಾಕೆ?" ಒಂದು ಜಾಗದ ನೆಲದ ಫೈಲು ಸಿಗದಿದ್ದರೆ ಫ್ಲೈಟ್‌ಗಿಯರ್ ಅಲ್ಲಿ ನೀರು ತೋರಿಸುತ್ತದೆ. ಅಂದರೆ ಸೀನರಿ ಹಾಳಾಗಿಲ್ಲ, ಇನ್ನೂ ಬಂದೇ ಇಲ್ಲ. ಇನ್‌ಸ್ಟಾಲ್ ಮಾಡಿದಾಗ ಜೊತೆಗೆ ಬರುವುದು ಚಿಕ್ಕದೊಂದು ಪ್ರದೇಶ. ಉಳಿದ ಜಗತ್ತನ್ನು ಟೆರಾಸಿಂಕ್ ಅನ್ನುವ ಭಾಗ ಹಾರುತ್ತಿರುವಾಗಲೇ ಇಳಿಸಿಕೊಳ್ಳುತ್ತದೆ. ಲಾಂಚರ್‌ನಲ್ಲಿ ಅದಕ್ಕೆ ಟಿಕ್ ಹಾಕಿಲ್ಲದಿದ್ದರೆ ದೇವನಹಳ್ಳಿಯೂ ಸಮುದ್ರವೇ, ಹುಬ್ಬಳ್ಳಿಯೂ ಸಮುದ್ರವೇ.

ಟಿಕ್ ಹಾಕಿದ ಮೇಲೂ ನೀರೇ ಕಂಡರೆ ಏನು? ಇಲ್ಲಿ ತುಂಬ ಜನ ಸುಮ್ನೆ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಏನೂ ಪ್ರಯೋಜನ ಇಲ್ಲ. ಮೊದಲು ಲಾಗ್ ಫೈಲು ನೋಡಿ. ಹೆಸರು ಎಫ್‌ಜಿಎಫ್‌ಎಸ್ ಡಾಟ್ ಲಾಗ್. ಫ್ಲೈಟ್‌ಗಿಯರ್‌ನ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಅದರಲ್ಲಿ ಎನ್‌ಎಪಿಟಿಆರ್ ಅನ್ನುವ ಅಕ್ಷರಗಳಿರುವ ದೂರು ಕಂಡರೆ ಕಾರಣ ಸಿಕ್ಕಿತು ಅಂತಲೇ ಅರ್ಥ. ಯಾವ ಸರ್ವರ್‌ನಿಂದ ಇಳಿಸಬೇಕು ಅಂತ ತಿಳಿಯಲು ಟೆರಾಸಿಂಕ್ ಡಿಎನ್‌ಎಸ್‌ಗೆ (ಇಂಟರ್ನೆಟ್ ಹೆಸರುಗಳ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಈ ಬಗೆಯ ಪ್ರಶ್ನೆ ಕಳಿಸುತ್ತದೆ. ಮಾಮೂಲಿ ವೆಬ್‌ಸೈಟ್ ನೋಡುವಾಗ ಈ ಪ್ರಶ್ನೆ ಬರುವುದೇ ಇಲ್ಲ. ಹಾಗಾಗಿ ಕೆಲವು ರೂಟರ್‌ಗಳು, ಕೆಲವು ಇಂಟರ್ನೆಟ್ ಸಂಪರ್ಕಗಳು ಇದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಬ್ರೌಸರ್ ಚೆನ್ನಾಗಿ ಓಡುತ್ತಿರುತ್ತದೆ, ವಿಡಿಯೋ ಬರುತ್ತಿರುತ್ತದೆ, ಸೀನರಿ ಮಾತ್ರ ಬರುವುದಿಲ್ಲ. ನನ್ನ ಮನೆಯ ಸಂಪರ್ಕದಲ್ಲೂ ಇದೇ ಆಗುತ್ತಿತ್ತು. ಕಂಪ್ಯೂಟರ್‌ನ ಡಿಎನ್‌ಎಸ್ ಅನ್ನು 8.8.8.8 ಅಥವಾ 1.1.1.1 ಅಂತ ಬದಲಿಸಿದ ತಕ್ಷಣ ನೀರು ಹೋಗಿ ನೆಲ ಬಂತು. ಈ ಒಂದು ವಿಷಯ ಗೊತ್ತಿಲ್ಲದೆ ಸಿಮ್ಯುಲೇಟರನ್ನೇ ಬಿಟ್ಟವರು ಇದ್ದಾರೆ. ನನಗೆ ಅದು ನಿಜಕ್ಕೂ ಬೇಜಾರಿನ ಸಂಗತಿ.

ಇನ್ನೊಂದು ಕಾರಣ ಫೋಲ್ಡರ್‌ದು. ಬೇರೆ ಕಡೆಯಿಂದ ಸೀನರಿ ತಂದು ಸೇರಿಸುವಾಗ, ಟೆರೇನ್ ಮತ್ತು ಆಬ್ಜೆಕ್ಟ್ಸ್ ಅನ್ನುವ ಎರಡು ಫೋಲ್ಡರ್‌ಗಳು ಯಾವುದರ ಒಳಗಿವೆಯೋ ಅದನ್ನೇ ಆರಿಸಬೇಕು. ಟೆರೇನ್ ಅನ್ನೇ ಆರಿಸಿದರೆ ಆಗಲ್ಲ. ಜಿಪ್ ಬಿಚ್ಚಿದಾಗ ಒಂದರೊಳಗೆ ಇನ್ನೊಂದು ಅದೇ ಹೆಸರಿನ ಫೋಲ್ಡರ್ ಆಗಿರುತ್ತದೆ, ಅಲ್ವಾ, ಆಗಲೂ ಇದೇ ಕಥೆ. ಪಟ್ಟಿಯಲ್ಲಿ ಮೇಲಿರುವ ಫೋಲ್ಡರ್‌ನ ನೆಲಕ್ಕೇ ಮೊದಲ ಮಣೆ. ಆದ್ದರಿಂದ ಹೊಸದಾಗಿ ತಂದದ್ದು ಕಾಣದಿದ್ದರೆ ಅದನ್ನು ಮೇಲಕ್ಕೆ ಎಳೆಯಿರಿ. ಎಕ್ಸ್-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್ ಬಳಸುವವರಿಗೆ ಇದು ಹೊಸದಲ್ಲ. ಅಲ್ಲೂ ಸೀನರಿಗಳ ಸಾಲು ತಪ್ಪಿದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ.

ಫೈಲುಗಳ ಜೋಡಣೆ ಒಮ್ಮೆ ತಿಳಿದರೆ ಅರ್ಧ ತಲೆನೋವು ಹೋಗುತ್ತದೆ. ಜಗತ್ತನ್ನು ಹತ್ತು ಡಿಗ್ರಿಯ ಚೌಕಗಳಾಗಿ, ಅದರೊಳಗೆ ಒಂದು ಡಿಗ್ರಿಯ ಚೌಕಗಳಾಗಿ ಹಂಚಿದ್ದಾರೆ. ಫೋಲ್ಡರ್‌ನ ಹೆಸರೇ ವಿಳಾಸ. ಪೂರ್ವ 77, ಉತ್ತರ 13 ಅಂತ ಇರುವ ಫೋಲ್ಡರ್‌ನಲ್ಲಿ ದೇವನಹಳ್ಳಿ ಇದೆ. ಹಳೆಯ ಎಚ್‌ಎಎಲ್ ನಿಲ್ದಾಣ ಅದೇ ಊರಿನದಾದರೂ ಉತ್ತರ 12ರ ಫೋಲ್ಡರ್‌ನಲ್ಲಿದೆ, ಯಾಕೆಂದರೆ 13ನೇ ಅಕ್ಷಾಂಶದ ಗೆರೆ ಬೆಂಗಳೂರನ್ನು ಸೀಳಿಕೊಂಡು ಹೋಗುತ್ತದೆ. ಹೀಗಾಗಿ ನಗರದ ಉತ್ತರ ಭಾಗ ಬಂದು ದಕ್ಷಿಣ ಭಾಗ ಬಾರದೆ ಇರುವುದು ಸಾಧ್ಯ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿಯ ಚೌಕವನ್ನು ಮತ್ತೆ 64 ತುಣುಕು ಮಾಡಿದ್ದಾರೆ. ಒಂದೊಂದು ಸುಮಾರು 14 ಕಿಲೋಮೀಟರ್ ಅಗಲ. ಪ್ರತಿ ತುಣುಕಿಗೂ ಒಂದು ಸಂಖ್ಯೆ. ಕೆಂಪೇಗೌಡ ವಿಮಾನ ನಿಲ್ದಾಣದ್ದು 4217293. ಆ ಸಂಖ್ಯೆಯ ಎಸ್‌ಟಿಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಅಲ್ಲಿ ಯಾವ ನೆಲ, ಯಾವ ಕಟ್ಟಡ, ಯಾವ ಗೋಪುರ ಅಂತ ಸಾಲು ಸಾಲಾಗಿ ಬರೆದಿರುತ್ತದೆ.

ಈ ಸಾಲುಗಳಿಂದಲೇ ಇನ್ನೊಂದು ದೊಡ್ಡ ತೊಂದರೆಯ ಗುಟ್ಟು ಬಿಡಿಸಬಹುದು: ಗಾಳಿಯಲ್ಲಿ ತೇಲುವ ಕಟ್ಟಡಗಳು, ಸೊಂಟದವರೆಗೆ ಹೂತುಹೋದ ಕಂಟ್ರೋಲ್ ಟವರ್‌ಗಳು. ಒಂದು ಕಟ್ಟಡದ ಸಾಲಿನಲ್ಲಿ ಮಾದರಿಯ ಹೆಸರು, ರೇಖಾಂಶ, ಅಕ್ಷಾಂಶ, ಎತ್ತರ, ದಿಕ್ಕು ಇರುತ್ತವೆ. ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಎತ್ತರ ಅಂದರೆ ಸಮುದ್ರ ಮಟ್ಟದಿಂದ ಮೀಟರ್ ಲೆಕ್ಕ, ನೆಲದಿಂದಲ್ಲ. ಹಾಗಾಗಿ ಕೆಳಗಿನ ನೆಲವನ್ನು ಹೊಸ ಅಳತೆಯಿಂದ ಮತ್ತೆ ಕಟ್ಟಿದಾಗ ನೆಲ ಎಂಟು ಮೀಟರ್ ಇಳಿದರೆ ಕಟ್ಟಡ ಮಾತ್ರ ಹಳೆಯ ಎತ್ತರದಲ್ಲೇ ನಿಂತಿರುತ್ತದೆ.

ಇದನ್ನು ಪರೀಕ್ಷಿಸಲು ಫ್ಲೈಟ್‌ಗಿಯರ್ ಒಂದು ಅದ್ಭುತ ಸಾಧನ ಕೊಟ್ಟಿದೆ. ಅದು ಯುಎಫ್‌ಒ. ವಿಮಾನಗಳ ಪಟ್ಟಿಯಲ್ಲೇ ಇದೆ. ಎಲ್ಲಿ ಬೇಕಾದರೂ ಗಾಳಿಯಲ್ಲಿ ನಿಲ್ಲುತ್ತದೆ, ನಿಧಾನವಾಗಿ ಸರಿಯುತ್ತದೆ, ಬೇಕಾದರೆ ಒಂದೇ ನೆಗೆತಕ್ಕೆ ಇನ್ನೊಂದು ಜಿಲ್ಲೆಗೆ ಹೋಗುತ್ತದೆ. ತೇಲುತ್ತಿರುವ ಕಟ್ಟಡದ ಪಕ್ಕ ಅದನ್ನು ನಿಲ್ಲಿಸಿ. ಪ್ರಾಪರ್ಟಿ ಬ್ರೌಸರ್ ತೆರೆದು ಪೊಸಿಷನ್ ವಿಭಾಗದಲ್ಲಿ ನೆಲದ ಎತ್ತರ ಎಷ್ಟು ಮೀಟರ್ ಅಂತ ಓದಿ. ಆಮೇಲೆ ಎಸ್‌ಟಿಜಿ ಸಾಲಿನ ಎತ್ತರ ನೋಡಿ. ಎರಡರ ವ್ಯತ್ಯಾಸ ಕಣ್ಣಿಗೆ ಕಂಡ ತೇಲಾಟಕ್ಕೆ ಸಮ ಇದ್ದರೆ ರೋಗ ಗೊತ್ತಾಯಿತು.

ಮದ್ದು ಎರಡು ಥರ. ನಿಮ್ಮದೇ ಸೀನರಿ ಆದರೆ, ಸಾಲಿನಲ್ಲಿ ಎಜಿಎಲ್ ಬಗೆಯ ಪದ ಬಳಸಿ ಎತ್ತರವನ್ನು ನೆಲದಿಂದಲೇ ಲೆಕ್ಕ ಹಾಕುವಂತೆ ಮಾಡಿ. ಆಗ ನೆಲ ಬದಲಾದರೂ ಕಟ್ಟಡ ಜೊತೆಗೇ ಹೋಗುತ್ತದೆ. ಟೆರಾಸಿಂಕ್‌ನಿಂದ ಬಂದದ್ದಾದರೆ ಆ ಫೋಲ್ಡರ್‌ನಲ್ಲೇ ತಿದ್ದಬೇಡಿ. ಪ್ರತಿ ಫೈಲಿಗೂ ಅದು ಲೆಕ್ಕ ಇಟ್ಟಿರುತ್ತದೆ. ನೀವು ತಿದ್ದಿದ್ದು ಗೊತ್ತಾದರೆ ಸರ್ವರ್‌ನ ಪ್ರತಿಯನ್ನು ಮತ್ತೆ ಇಳಿಸಿ ನಿಮ್ಮದನ್ನು ಅಳಿಸುತ್ತದೆ. ಬದಲಿಗೆ ಯೋಜನೆಯ ಸೀನರಿ ತಾಣದಲ್ಲಿ ಆ ವಸ್ತುವಿಗೆ ತಿದ್ದುಪಡಿ ಕಳಿಸಿ. ಒಪ್ಪಿದ ಮೇಲೆ ಅದು ಜಗತ್ತಿನ ಎಲ್ಲ ಬಳಕೆದಾರರಿಗೂ ಹೋಗುತ್ತದೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ನಲ್ಲಿ ನಾನು ದೂರು ಬರೆದು ಕಾಯಬೇಕು. ಇಲ್ಲಿ ಸರಿಯಾದ ಸಂಖ್ಯೆಯನ್ನೇ ಬರೆದು ಕಳಿಸಬಹುದು. ನನಗೆ ಇದು ಸಣ್ಣ ವಿಷಯ ಅಲ್ಲ.

ವಿಮಾನ ನಿಲ್ದಾಣಗಳ ತೊಂದರೆ ಬೇರೆಯೇ. ರನ್‌ವೇ ಪಟ್ಟಿ ಒಂದು ಕಡೆ ಇರುತ್ತದೆ, ನೆಲದಲ್ಲಿ ಕೊರೆದ ರನ್‌ವೇ ಇನ್ನೊಂದು ಕಡೆ. ಪಟ್ಟಿ ಹೊಸ ಆವೃತ್ತಿಯ ಜೊತೆ ಬದಲಾಗುತ್ತದೆ. ನೆಲವನ್ನು ಮತ್ತೆ ಕಟ್ಟದೆ ನೆಲದ ರನ್‌ವೇ ಬದಲಾಗುವುದಿಲ್ಲ. ಬೆಂಗಳೂರಿನ ದಕ್ಷಿಣ ರನ್‌ವೇ ಶುರುವಾದದ್ದು ಡಿಸೆಂಬರ್ 2019ರಲ್ಲಿ. ನಿಮ್ಮ ಹತ್ತಿರ ಇರುವ ನೆಲದ ತುಣುಕು ಅದಕ್ಕಿಂತ ಹಳೆಯದಾದರೆ, ಆ ರನ್‌ವೇಯ ಹೆಸರಾದ 09 ಆರ್ ಆರಿಸಿದಾಗ ವಿಮಾನ ಹುಲ್ಲಿನ ಮೇಲೆ ನಿಂತಿರುತ್ತದೆ. ಕಲಬುರಗಿ ನಿಲ್ದಾಣ 2019ರದು, ಶಿವಮೊಗ್ಗದ ಸೋಗಾನೆ ನಿಲ್ದಾಣ 2023ರದು. ಹಳೆಯ ನೆಲದಲ್ಲಿ ಅವೂ ಬಯಲೇ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ಹೊಸದಾಗಿ ಕಟ್ಟಿದ ನೆಲ ಸಿಗಬೇಕು, ಇಲ್ಲವೇ ಟೆರಾಗಿಯರ್ ಅನ್ನುವ ಉಪಕರಣದಿಂದ ನೀವೇ ಕಟ್ಟಬೇಕು. ಟೆರಾಗಿಯರ್ ಕಲಿಯುವುದು ಸುಲಭ ಅಂತ ನಾನು ಹೇಳುವುದಿಲ್ಲ. ತಾಳ್ಮೆ ಬೇಕು.

ಮಂಗಳೂರಿನದು ನನಗೆ ತುಂಬ ಹಿಡಿಸಿದ ಉದಾಹರಣೆ. ಅಲ್ಲಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಅಂಚಿನಲ್ಲಿ ನೆಲ ಸಟ್ಟನೆ ಕೆಳಗೆ ಹೋಗುತ್ತದೆ. ಫ್ಲೈಟ್‌ಗಿಯರ್‌ನಲ್ಲಿ ಬಜ್ಪೆಗೆ ಇಳಿಯುವಾಗ ಆ ಅಂಚು ಮೊಂಡಾಗಿ, ಇಳಿಜಾರಿನಂತೆ ಕಾಣುತ್ತದೆ. ಕಾರಣ ಅಳತೆಯಲ್ಲಿದೆ. ಇಲ್ಲಿನ ಎತ್ತರಗಳು ಬಂದಿರುವುದು ಎಸ್‌ಆರ್‌ಟಿಎಂ ಅನ್ನುವ ಸಮೀಕ್ಷೆಯಿಂದ. ಫೆಬ್ರವರಿ 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರೇಡಾರ್ ಹಿಡಿದು ಭೂಮಿಯ ಬಹುಭಾಗವನ್ನು ಅಳೆಯಿತು. ನಮ್ಮ ಕಡೆಗೆ ಬಹಳ ಕಾಲ ಸಿಗುತ್ತಿದ್ದದ್ದು ಸುಮಾರು 90 ಮೀಟರ್‌ಗೆ ಒಂದು ಬಿಂದು. ಆ ಎರಡು ಬಿಂದುಗಳ ನಡುವೆ ಪ್ರಪಾತ ಇದ್ದರೆ ಅದು ಇಳಿಜಾರಾಗಿಯೇ ಬರುತ್ತದೆ. ಜೊತೆಗೆ, ಮಂಗಳೂರಿನ ಹೊಸ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ, ದೇವನಹಳ್ಳಿ ನಿಲ್ದಾಣ 2008ರಲ್ಲಿ. ಅಂದರೆ ಆ ರೇಡಾರ್ ನೋಡಿದ್ದು ಇವೆರಡೂ ಬರುವ ಮೊದಲಿನ ನೆಲವನ್ನು. ಅದರ ಮೇಲೆ ಇಂದಿನ ರನ್‌ವೇ ಕೂರಿಸಿದಾಗ ಅಂಚಿನಲ್ಲಿ ಉಬ್ಬುತಗ್ಗು ಕಂಡರೆ ಆಶ್ಚರ್ಯ ಇಲ್ಲ.

ಅದೇ ಸಮೀಕ್ಷೆ ಘಟ್ಟಕ್ಕೆ ವರವಾಗಿದೆ. ಮಂಗಳೂರಿನಿಂದ ಸೆಸ್ನಾ ಹತ್ತಿಸಿಕೊಂಡು ಪೂರ್ವಕ್ಕೆ ಹೊರಡಿ. ಮುಂದೆ ಗೋಡೆಯಂತೆ ಎದ್ದು ನಿಲ್ಲುವ ಘಟ್ಟ, ಚಾರ್ಮಾಡಿಯ ಕಣಿವೆ, ಎಡಕ್ಕೆ ಕುದುರೆಮುಖದ ಸಾಲು, ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇವೆ. ಬೆಳಗಿನ ಬೆಳಕು ಆರಿಸಿಕೊಂಡರೆ ನೆರಳುಗಳು ಕಣಿವೆಗೆ ಇಳಿಯುವುದನ್ನು ನೋಡುತ್ತಾ ಕೂರಬಹುದು. ಎರಡು ಕೊರತೆ ಮಾತ್ರ ಇವೆ. ಚೂಪಾದ ಶಿಖರಗಳು ಸ್ವಲ್ಪ ಮೊಂಡಾಗಿರುತ್ತವೆ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯೂ ಇಲ್ಲಿ ತನ್ನ ಪೂರ್ತಿ ಎತ್ತರಕ್ಕೆ ನಿಲ್ಲುವುದಿಲ್ಲ. ಇನ್ನೊಂದು, ರೇಡಾರ್ ದಟ್ಟ ಕಾಡನ್ನು ದಾಟಿ ಪೂರ್ತಿ ನೆಲ ಮುಟ್ಟುವುದಿಲ್ಲ. ಹಾಗಾಗಿ ಮಲೆನಾಡಿನ ಕಾಡಿನಲ್ಲಿ ಮರಗಳ ಎತ್ತರವೂ ಸ್ವಲ್ಪ ನೆಲದ ಲೆಕ್ಕಕ್ಕೇ ಸೇರಿರುತ್ತದೆ. ಅದರ ಮೇಲೆ ಸಿಮ್ಯುಲೇಟರ್ ಮತ್ತೆ ಮರ ನೆಡುತ್ತದೆ. ತಗ್ಗಿನಲ್ಲಿ ಹಾರುವವರು ಇದನ್ನು ನೆನಪಿಡಿ.

ನೆಲದ ಮೇಲಿನ ಹೊದಿಕೆಯ ವಿಷಯಕ್ಕೆ ಬಂದರೆ ನನಗೆ ತೃಪ್ತಿ ಇಲ್ಲ. ಯುರೋಪಿಗೆ ಕೊರೀನ್ ಅನ್ನುವ ವಿವರವಾದ ಮಾಹಿತಿ ಇದೆ. ನಮಗೆ ವಿಮ್ಯಾಪ್ ಅನ್ನುವ ಹಳೆಯ, ಹತ್ತು ಲಕ್ಷಕ್ಕೊಂದು ಅಳತೆಯ ನಕ್ಷೆ. ಅದರಿಂದ ಸಣ್ಣ ಕೆರೆಗಳು ಇರುವುದಿಲ್ಲ, ನದಿಯ ದಾರಿ ಕಣಿವೆಯಿಂದ ಪಕ್ಕಕ್ಕೆ ಸರಿದಿರುತ್ತದೆ. ಕೆಲವು ಕಡೆ ಹೊಳೆ ಗುಡ್ಡ ಹತ್ತಿದಂತೆ ಕಾಣುವುದು ಇದಕ್ಕೇ. ಕೆರೆಗಳ ಆಸರೆಯಲ್ಲಿ ಬೆಳೆದ ನಾಡಿನಲ್ಲಿ ಕೆರೆ ನೋಡಿ ದಾರಿ ಗುರುತಿಸಲು ಆಗದಿದ್ದರೆ ಹೇಗೆ? ಹೊಸ ಆವೃತ್ತಿಗಳಲ್ಲಿ ಉಪಗ್ರಹ ಚಿತ್ರಗಳನ್ನು ನೆಲಕ್ಕೆ ಹಾಸುವ ಸೌಲಭ್ಯ ಬಂದಿದೆ, ಕೆರೆಗಳು ಕಾಣುತ್ತವೆ. ಆದರೆ ಡಿಸ್ಕ್ ಜಾಗ ಜಾಸ್ತಿ ಬೇಕು.

ಕಟ್ಟಡ ಮತ್ತು ರಸ್ತೆಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬರುತ್ತವೆ. ಬೆಂಗಳೂರಿನ ಮೇಲೆ ಇವನ್ನೆಲ್ಲ ಹಚ್ಚಿದರೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಹಾಗಾದಾಗ ಮೊದಲು ಕಟ್ಟಡಗಳನ್ನು ಆಫ್ ಮಾಡಿ ನೋಡಿ, ಆಮೇಲೆ ಎಲ್‌ಒಡಿ ದೂರಗಳನ್ನು, ಅಂದರೆ ಯಾವುದು ಎಷ್ಟು ದೂರದಿಂದ ಕಾಣಬೇಕು ಅನ್ನುವುದನ್ನು ಇಳಿಸಿ. ಕಟ್ಟಡಗಳು ಹತ್ತಿರ ಹೋದ ಮೇಲೆ ದಿಢೀರ್ ಅಂತ ಎದ್ದರೆ ಅದು ಈ ದೂರದ ವಿಷಯ, ಡೌನ್‌ಲೋಡ್‌ನದಲ್ಲ. ಜೆಟ್ ವಿಮಾನದಲ್ಲಿ ಮುಂದೆ ನೀರು ಕಾಣಿಸಿ ಆಮೇಲೆ ನೆಲವಾದರೆ ಅದು ಡೌನ್‌ಲೋಡ್ ಹಿಂದೆ ಬಿದ್ದದ್ದು. ಅದಕ್ಕೆ ಟೆರಾಮಾಸ್ಟರ್ ಅನ್ನುವ ಉಪಕರಣ ಬಳಸಿ ದಾರಿಯ ಚೌಕಗಳನ್ನು ಮೊದಲೇ ಇಳಿಸಿಡಿ. ಎರಡು ತುಣುಕುಗಳ ನಡುವೆ ಸೀಳು ಕಂಡು ಅದರಲ್ಲಿ ಆಕಾಶ ಇಣುಕಿದರೆ, ಒಂದು ಹಳೆಯದು ಒಂದು ಹೊಸದು ಅಂತ ಅರ್ಥ. ಎರಡನ್ನೂ ಅಳಿಸಿ ಒಟ್ಟಿಗೆ ಇಳಿಸಿಕೊಳ್ಳಿ.

ಯಾರಿಗೆ ಇದು ಬೇಡ? ಮೈಕ್ರೋಸಾಫ್ಟ್‌ನ ಸಿಮ್ಯುಲೇಟರಿನಂತೆ ತಮ್ಮ ಮನೆಯ ಬೀದಿಯನ್ನೇ ಮೇಲಿಂದ ನೋಡಬೇಕು ಅನ್ನುವವರಿಗೆ ಬೇಡ. ಸಾಧಾರಣ ಕಂಪ್ಯೂಟರ್ ಇದ್ದು, ಇಂಟರ್ನೆಟ್ ಆಗಾಗ ಹೋಗುವ ಊರಿನಲ್ಲಿದ್ದು, ಹಾರಾಟ ಕಲಿಯಬೇಕು ಅನ್ನುವ ಕಾಲೇಜು ಮಕ್ಕಳಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಪೂರ್ವ 74ರಿಂದ 77, ಉತ್ತರ 12ರಿಂದ 15ರವರೆಗಿನ ಚೌಕಗಳನ್ನು ಒಮ್ಮೆ ಇಳಿಸಿಟ್ಟುಕೊಂಡರೆ ಮಂಗಳೂರು, ಮೈಸೂರು, ಬೆಂಗಳೂರು, ಹುಬ್ಬಳ್ಳಿ ಎಲ್ಲ ನೆಟ್ ಇಲ್ಲದೆಯೂ ಹಾರಬಹುದು.