ಒಂದೇ ಟ್ರೇ, ಮೂರು ಬ್ಯಾಟರಿ: ನಮ್ಮ ಮಿನಿ ಟ್ರಾಕ್ಟರ್ ಕಲಿಸಿದ್ದು

ನಮ್ಮದು ಚನ್ನಗಿರಿ ಕಡೆಯ ಅಡಿಕೆ ತೋಟ. ಸಾಲಿನಿಂದ ಸಾಲಿಗೆ 9 ಅಡಿ. ದೊಡ್ಡ ಟ್ರಾಕ್ಟರ್ ಅಲ್ಲಿ ನುಗ್ಗಿದರೂ ತಿರುಗಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ 2016ರಲ್ಲಿ 24 ಎಚ್‌ಪಿಯ ಮಿನಿ ಟ್ರಾಕ್ಟರ್ ತಂದೆವು. ಅದರ ಜೊತೆ ಬಂದ ಬ್ಯಾಟರಿ ಮೂರು ವರ್ಷ ಬಾಳಿತು. ಆಮೇಲೆ ಅದೇ ಟ್ರೇಯಲ್ಲಿ ಮೂರು ಥರದ ಬ್ಯಾಟರಿ ಕೂರಿಸಿದ್ದೇನೆ. ಮೊದಲನೆಯದು ಅಂಗಡಿಯವರೇ ಪ್ಲೇಟ್ ಜೋಡಿಸಿ ಕೊಟ್ಟ ಲೋಕಲ್ ಬ್ಯಾಟರಿ. ಎರಡನೆಯದು ನೀರು ಹಾಕುವ ಗೋಜೇ ಇಲ್ಲದ ಸೀಲ್ ಬ್ಯಾಟರಿ. ಮೂರನೆಯದು ಮುಚ್ಚಳ ಬಿಚ್ಚಿ ನೀರು ಹಾಕುವ, ಟ್ರಾಕ್ಟರ್‌ಗೆಂದೇ ಮಾಡಿದ ಬ್ಯಾಟರಿ. ಮೂರೂ 12 ವೋಲ್ಟ್, 50 ಆಂಪಿಯರ್ ಅವರ್ ಆಸುಪಾಸಿನವು.

2019ರ ನವೆಂಬರ್. ಕೊಯ್ಲು ಜೋರಾಗಿ ನಡೆದಿತ್ತು, ಕೈಯಲ್ಲಿ ಕಾಸಿರಲಿಲ್ಲ. ಹೊಸ ಬ್ಯಾಟರಿಗೆ ನಾಲ್ಕೂವರೆ ಸಾವಿರದ ಮೇಲೆ ಹೇಳಿದರು. ಲೋಕಲ್ ಆದರೆ ಹಳೆಯದನ್ನು ಕೊಟ್ಟು ಮೇಲೆ 2,300 ಅಂದರು. 'ಆರು ತಿಂಗಳು ಗ್ಯಾರಂಟಿ ಅಣ್ಣ, ಏನಾದ್ರೂ ಆದ್ರೆ ನಾನಿದ್ದೀನಲ್ಲ' ಅಂದ ಅಂಗಡಿಯವನು. ಕಾರ್ಡಿಲ್ಲ, ಬಿಲ್ಲಿಲ್ಲ. ನಮ್ಮೆದುರಿಗೇ ಆಸಿಡ್ ಸುರಿದು, ಹದಿನೈದು ನಿಮಿಷ ಬಿಟ್ಟು ಕೈಗೆ ಕೊಟ್ಟ. ಒಣಗಿದ ಪ್ಲೇಟಿಗೆ ಹೊಸ ಆಸಿಡ್ ಬಿದ್ದ ಮೇಲೆ ಅದು ನೆನೆಯಲು ಅರ್ಧ ಗಂಟೆಯಾದರೂ ಬಿಡಬೇಕು. ಆಮೇಲೆ ನಿಧಾನವಾಗಿ ಒಂದು ಸಲ ಚಾರ್ಜ್ ಮಾಡಬೇಕು. ಅದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ಕೂರಿಸಲು ಅಂಗಡಿಯ ಹುಡುಗ ಮನೆಗೇ ಬಂದಿದ್ದ. ಬಂದವನು ಸೀದಾ ಪ್ಲಸ್ ಟರ್ಮಿನಲ್‌ನ ನಟ್‌ಗೇ ಸ್ಪ್ಯಾನರ್ ಹಾಕಿದ. ಅದರ ಇನ್ನೊಂದು ತುದಿ ಬಾನೆಟ್ ಕೆಳಗಿನ ಕಬ್ಬಿಣದ ಪಟ್ಟಿಗೆ ತಾಗಿತು. ಚಟ್ ಅಂತ ನೀಲಿ ಬೆಳಕು. ಸ್ಪ್ಯಾನರ್ ಮೂತಿಯಲ್ಲಿ ಕಡಲೆಕಾಳಿನಷ್ಟು ಲೋಹ ಕರಗಿ ಹೋಗಿತ್ತು. ಅವನ ಕೈಯಲ್ಲಿ ತಾಮ್ರದ ಕಡಗವಿತ್ತು. ಸ್ಪ್ಯಾನರ್ ಬದಲು ಅದು ತಾಗಿದ್ದರೆ? 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದಾಗ ಹರಿಯುವುದು ನೂರಾರು ಆಂಪಿಯರ್. ಕಡಗ, ಉಂಗುರ, ಸ್ಟೀಲ್ ವಾಚು ಕ್ಷಣದಲ್ಲಿ ಕೆಂಪಗಾಗುತ್ತವೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಬ್ಯಾಟರಿ ಬಿಚ್ಚುವವನು ನಾನೇ. ಮೊದಲು ಮೈನಸ್ ಬಿಚ್ಚುತ್ತೇನೆ. ಟ್ರಾಕ್ಟರ್‌ನ ಬಾಡಿಯೆಲ್ಲ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಮೈನಸ್‌ಗೆ ಮೈನಸ್ ತಾಗಿದಂತೆ, ಏನೂ ಆಗುವುದಿಲ್ಲ. ಅದು ಬಿಟ್ಟುಕೊಂಡ ಮೇಲೆ ಪ್ಲಸ್ ಬಿಚ್ಚುವಾಗ ತಾಗಿದರೂ ಕರೆಂಟಿಗೆ ಹೋಗಲು ದಾರಿಯಿಲ್ಲ. ಹಾಕುವಾಗ ಇದೇ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್. 10 ಮತ್ತು 13 ನಂಬರ್ ಸ್ಪ್ಯಾನರ್‌ಗಳಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ಇಟ್ಟುಕೊಂಡಿದ್ದೇನೆ, ಮೂತಿ ಮಾತ್ರ ಹೊರಗೆ. ಕನ್ನಡಕ ಮತ್ತು ರಬ್ಬರ್ ಗ್ಲೌಸ್ ಹಾಕಿಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲೇಬೇಕು. ಆಸಿಡ್ ಕಣ್ಣಿಗೆ ಹಾರಿದರೆ ಉಜ್ಜುತ್ತಾ ಕೂರದೆ, ಕಾಲು ಗಂಟೆಯಾದರೂ ನೀರು ಹಾಯಿಸುತ್ತಲೇ ಇದ್ದು, ಆಮೇಲೆ ನೇರ ಆಸ್ಪತ್ರೆಗೆ ಹೋಗಬೇಕು.

ಬೀಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸಿಡಿದರೆ ಹಾರುವುದು ಆಸಿಡ್. ಕತ್ತಲಲ್ಲಿ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊಬೈಲ್ ಟಾರ್ಚ್ ಇರುವ ಕಾಲದಲ್ಲೂ!

ಲೋಕಲ್ ಬ್ಯಾಟರಿ 13 ತಿಂಗಳು ಬಂತು. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು, ಒಂದೇ ಸಲ ಸೆಲ್ಫ್ ಹೊಡೆದರೆ ಗಾಡಿ ಹಿಡಿಯುತ್ತಿತ್ತು. ನೀರು ಮಾತ್ರ ಬೇಗ ಬೇಗ ಇಳಿಯುತ್ತಿತ್ತು. 'ಲೋಕಲ್ ಅಲ್ವಾ, ಹಂಗೇ ಇರುತ್ತೆ' ಅಂದುಕೊಂಡು ಡಿಸ್ಟಿಲ್ ವಾಟರ್ ಹಾಕುತ್ತಾ ಹೋದೆ. ಮಳೆಗಾಲದಲ್ಲಿ ಗಾಡಿ ಒಂದೂವರೆ ತಿಂಗಳು ಶೆಡ್ಡಿನಲ್ಲೇ ನಿಂತಿತು. ಆಮೇಲೆ ಬ್ಯಾಟರಿ ಏಳಲೇ ಇಲ್ಲ. ಒಂದೆರಡು ಸಲ ಹೊರಗೆ ಚಾರ್ಜ್ ಮಾಡಿಸಿದೆ, ಎರಡು ದಿನಕ್ಕೆ ಮತ್ತೆ ಡೌನ್. ಆರು ತಿಂಗಳ ಗ್ಯಾರಂಟಿ ಮುಗಿದು ಯಾವ ಕಾಲವಾಗಿತ್ತೋ.

ಈ ಸಲ ಜಿದ್ದಿಗೆ ಬಿದ್ದೆ. ನೀರಿನ ರಗಳೆಯೇ ಬೇಡ ಅಂತ 2020ರ ಡಿಸೆಂಬರಿನಲ್ಲಿ ಸೀಲ್ ಬ್ಯಾಟರಿ ತಂದೆ. ಹಳೆಯದನ್ನು ಕೊಟ್ಟು 4,600 ರೂಪಾಯಿ. ಕಾರಿಗೆ ಹಾಕುವಂಥದ್ದು. ನೋಡಲು ಲಕ್ಷಣವಾಗಿತ್ತು. ಮೇಲೆ ಒಂದು ಸಣ್ಣ ಗಾಜಿನ ಕಣ್ಣು. ಹಸಿರು ಕಂಡರೆ ಸರಿಯಿದೆ, ಕಪ್ಪಾದರೆ ಚಾರ್ಜ್ ಬೇಕು, ಬಿಳಿಚಿಕೊಂಡರೆ ನೀರು ಕಡಿಮೆ. ಇದರ ಪ್ಲೇಟಿಗೆ ಕ್ಯಾಲ್ಸಿಯಂ ಬೆರೆಸಿರುತ್ತಾರೆ. ಅದರಿಂದ ನೀರು ಕಡಿಮೆ ಹಾರುತ್ತದೆ, ಸುಮ್ನೆ ನಿಂತರೂ ಚಾರ್ಜ್ ಅಷ್ಟು ಬೇಗ ಇಳಿಯುವುದಿಲ್ಲ. ನನ್ನ ಅನುಭವದಲ್ಲಿ ಇದು ನೂರಕ್ಕೆ ನೂರು ನಿಜ. 2021ರ ಮಳೆಗಾಲದಲ್ಲಿ ಗಾಡಿ ಮತ್ತೆ ಅಷ್ಟೇ ದಿನ ನಿಂತಿತ್ತು. ಮೊದಲ ಸಲ ಸೆಲ್ಫ್ ಹೊಡೆದಾಗಲೇ ಸ್ಟಾರ್ಟ್. ಲೋಕಲ್ ಈ ವಿಷಯದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ.

ತಾಪತ್ರಯ ಬೇರೆ ಕಡೆ ಇತ್ತು. ಕಾರಿನ ಬ್ಯಾಟರಿ ನಮ್ಮ ಟ್ರೇಗಿಂತ ಒಂದು ಇಂಚು ಗಿಡ್ಡ. ಅದನ್ನು ಬಿಗಿಯುವುದು ತಳದ ಅಂಚಿನಲ್ಲಿ. ನಮ್ಮ ಗಾಡಿಯಲ್ಲಿರುವುದು ಮೇಲಿನಿಂದ ಅಡ್ಡಪಟ್ಟಿ, ಎರಡು ಕಡೆ ಉದ್ದ ಬೋಲ್ಟ್. ಪಟ್ಟಿ ಸರಿಯಾಗಿ ಕೂರಲಿಲ್ಲ. ಮೆಕ್ಯಾನಿಕ್ ಒಂದು ಮರದ ತುಂಡು ತುರುಕಿ 'ಆಯ್ತು ಬಿಡಿ' ಅಂದರು. ಮಿನಿ ಟ್ರಾಕ್ಟರ್‌ನ ಡೀಸೆಲ್ ಇಂಜಿನ್ ಎಷ್ಟು ನಡುಗುತ್ತದೆ ಅನ್ನುವುದು ರೋಟವೇಟರ್ ಹೊಡೆದವರಿಗೆ ಗೊತ್ತು. ಸಡಿಲವಾಗಿ ಕೂತ ಬ್ಯಾಟರಿಯ ಒಳಗೆ ಪ್ಲೇಟಿನ ಪುಡಿ ಉದುರುತ್ತಾ ಹೋಗುತ್ತದೆ. ಪುಡಿ ತಳದಲ್ಲಿ ಸೇರಿ ಒಂದು ಪ್ಲೇಟನ್ನು ಇನ್ನೊಂದಕ್ಕೆ ಕೂಡಿಸಿತೋ, ಆ ಸೆಲ್ (ಬ್ಯಾಟರಿಯ ಆರು ಖಾನೆಗಳಲ್ಲಿ ಒಂದು) ಕಥೆ ಮುಗಿಯಿತು. ಮೂರು ತಿಂಗಳಿಗೆ ಮರದ ತುಂಡು ಸವೆದು ಬಿದ್ದೇ ಹೋಗಿತ್ತು. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ಸರಿಯಾದ ಪಟ್ಟಿ ಮಾಡಿಸಿದೆ. ಅಳತೆ ಬೇರೆಯ ಬ್ಯಾಟರಿ ಕೊಳ್ಳುವವರು ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಎತ್ತರವನ್ನಂತೂ ನೋಡಲೇಬೇಕು. ಬ್ಯಾಟರಿ ಅರ್ಧ ಇಂಚು ಎತ್ತರವಾಗಿ, ಬಾನೆಟ್ ತಗಡು ಪ್ಲಸ್ ಟರ್ಮಿನಲ್‌ಗೆ ತಾಗಿದರೆ ಗಾಡಿಗೇ ಬೆಂಕಿ. ಪ್ಲಸ್ ಯಾವ ಕಡೆಗಿದೆ ಅನ್ನುವುದನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿಯೇ ದುಡ್ಡು ಕೊಡಿ. ಬೇರೆ ಕಡೆಗಿದ್ದರೆ ವೈರ್ ಎಟುಕುವುದಿಲ್ಲ. ಎಟುಕಿಸಲು ಬ್ಯಾಟರಿಯನ್ನೇ ತಿರುಗಿಸಿ ಕೂರಿಸುತ್ತಾರೆ, ಆಗ ಪ್ಲಸ್ ಬಾಡಿಯ ಹತ್ತಿರಕ್ಕೆ ಬಂದು ಕೂರುತ್ತದೆ. ಗುರುತು ಅಳಿಸಿಹೋಗಿದ್ದರೆ ಟರ್ಮಿನಲ್ ಕಂಬಗಳನ್ನು ನೋಡಿ. ಗುಂಡು ಕಂಬದ ಬ್ಯಾಟರಿಗಳಲ್ಲಿ ಪ್ಲಸ್ ಕಂಬವೇ ಸ್ವಲ್ಪ ದಪ್ಪ.

ಸೀಲ್ ಬ್ಯಾಟರಿ 22ನೇ ತಿಂಗಳಿಗೆ ಒಂದು ಬೆಳಿಗ್ಗೆ ಸತ್ತಿತು. ಹಿಂದಿನ ದಿನ ಸಂಜೆ ಸರಿಯಾಗೇ ಇತ್ತು, ಕಣ್ಣು ಹಸಿರು. ಬೆಳಿಗ್ಗೆ ಟಕ್ ಟಕ್ ಅಂತ ಶಬ್ದ ಬಿಟ್ಟರೆ ಏನೂ ಇಲ್ಲ. ಆಗಲೂ ಕಣ್ಣು ಹಸಿರೇ! ಆ ಕಣ್ಣಿರುವುದು ಆರು ಸೆಲ್‌ಗಳಲ್ಲಿ ಒಂದರ ಮೇಲೆ ಮಾತ್ರ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ. ವಾರಂಟಿಗೆ ಹೋದರೆ ಪರೀಕ್ಷೆ ಮಾಡಿ 'ಓವರ್‌ಚಾರ್ಜ್ ಆಗಿದೆ, ವಾರಂಟಿ ಬರಲ್ಲ ಸಾರ್' ಅಂದರು. ನಾನು ಅಂಗಡಿಯಲ್ಲೇ ಜಗಳ ತೆಗೆದೆ. ಸೀಲ್ ಬ್ಯಾಟರಿ ಕೊಳ್ಳಬೇಡಿ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಈಗ ಅದಕ್ಕೆ ನಾಚಿಕೆಯಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

2022ರ ಅಕ್ಟೋಬರಿನಲ್ಲಿ ಮೂರನೆಯದು ಬಂತು. ಆರು ಮುಚ್ಚಳದ ಟ್ರಾಕ್ಟರ್ ಬ್ಯಾಟರಿ, ಹಳೆಯದನ್ನು ಕೊಟ್ಟು 4,900 ರೂಪಾಯಿ. ಟ್ರೇಗೆ ಹೊಲಿಸಿದ ಹಾಗೆ ಕೂತಿತು. ಅಷ್ಟರಲ್ಲಿ ನಾನೂ ಸ್ವಲ್ಪ ಕಲಿತಿದ್ದೆ. 350 ರೂಪಾಯಿಯ ಒಂದು ಮಲ್ಟಿಮೀಟರ್, ಆಸಿಡ್ ಎಷ್ಟು ಗಟ್ಟಿಯಿದೆ ಅಂತ ತೋರಿಸುವ ಒಂದು ಹೈಡ್ರೋಮೀಟರ್ ತಂದಿದ್ದೆ. ಅಂಗಡಿಯಲ್ಲೇ ಮೀಟರ್ ಹಿಡಿದು ನೋಡಿದೆ, 12.6 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಅಷ್ಟು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಹಾಗೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ 'ಹೊಸ' ಬ್ಯಾಟರಿಯ ಪ್ಲೇಟಿಗೆ ಆಗಲೇ ಬಿಳಿ ಪದರ ಕಟ್ಟಿರುತ್ತದೆ.

ಹಾಕಿದ ಮೇಲೆ ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ನೋಡುತ್ತಿದ್ದೆ. ಮೊದಲ ತಿಂಗಳೇ ನೀರು ಇಳಿದಿತ್ತು. ಎರಡನೇ ತಿಂಗಳು ಇನ್ನೂ ಜಾಸ್ತಿ. ಮೂರನೇ ತಿಂಗಳು ಪ್ಲೇಟಿನ ತಲೆ ಕಾಣುವಷ್ಟು. ಹೊಸ ಬ್ಯಾಟರಿ ಹೀಗೆ ನೀರು ಕುಡಿಯಬಾರದಲ್ಲ? ಇಂಜಿನ್ ಓಡಿಸಿ, ಆಕ್ಸಿಲರೇಟರ್ ಎತ್ತಿ ಮೀಟರ್ ಹಿಡಿದೆ. 15.3 ವೋಲ್ಟ್! ಇರಬೇಕಾದ್ದು 13.8ರಿಂದ 14.4ರ ಒಳಗೆ. ನಮ್ಮ ಎಲೆಕ್ಟ್ರಿಷಿಯನ್ ಇನ್ನೂ ಕಟೌಟ್ ಅಂತಲೇ ಕರೆಯುವ, ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿತ್ತು. ಟ್ರಾಕ್ಟರ್ ತನ್ನ ಬ್ಯಾಟರಿಯನ್ನು ತಾನೇ ಕುದಿಸುತ್ತಿತ್ತು.

ಅಂದರೆ ಸೀಲ್ ಬ್ಯಾಟರಿ ಸತ್ತದ್ದು ಅದರ ತಪ್ಪಿಗಲ್ಲ. ಅಂಗಡಿಯವರು ಹೇಳಿದ್ದೇ ಸರಿ. ಲೋಕಲ್ ಬ್ಯಾಟರಿಯ ನೀರು ಇಳಿಯುತ್ತಿದ್ದದ್ದೂ ಬಹುಶಃ ಇದೇ ಸೂಚನೆ. ನಾನು ಅದರ ಜಾತಿಗೆ ಬೈದುಕೊಂಡು ಸುಮ್ಮನಿದ್ದೆ. ರೆಗ್ಯುಲೇಟರ್ ಬದಲಾಯಿಸಿದ ಮೇಲೆ ನೀರು ಹಾಕುವುದು ಮೂರು ನಾಲ್ಕು ತಿಂಗಳಿಗೊಮ್ಮೆ ಅಷ್ಟೇ. ಅದೇ ಬ್ಯಾಟರಿ ಮೂರು ವರ್ಷ ದಾಟಿ ಇನ್ನೂ ಓಡುತ್ತಿದೆ.

ಹಾಗಾದರೆ ಯಾವುದು ಮೇಲು? ಲೋಕಲ್ ನನ್ನ ಲೆಕ್ಕದಲ್ಲಿ ಅಗ್ಗವೇ ಅಲ್ಲ. 2,300ಕ್ಕೆ 13 ತಿಂಗಳು ಅಂದರೆ ತಿಂಗಳಿಗೆ 177 ರೂಪಾಯಿ. ಮೂರನೆಯದು ಈಗಾಗಲೇ ತಿಂಗಳಿಗೆ 136ಕ್ಕಿಂತ ಕೆಳಗೆ ಇಳಿದಿದೆ. ಸೀಲ್ ಬ್ಯಾಟರಿ 209 ಬಿದ್ದಿತು, ಆದರೆ ಕೊಂದವನು ನಾನೇ ಆದ್ದರಿಂದ ಆ ಲೆಕ್ಕ ಹಿಡಿಯುವುದು ನ್ಯಾಯವಲ್ಲ. ನಮ್ಮ ಭಾವನ ಗಾಡಿಯಲ್ಲಿ ಅಂಥದ್ದೇ ಬ್ಯಾಟರಿ ನಾಲ್ಕನೇ ವರ್ಷದಲ್ಲಿದೆ. ಅವರು ಬಾನೆಟ್ ಎತ್ತುವವರಲ್ಲ. ಚಾರ್ಜಿಂಗ್ ಸರಿಯಿರುವ, ತಿಂಗಳುಗಟ್ಟಲೆ ನಿಲ್ಲುವ, ನೀರು ನೋಡಲು ಯಾರೂ ಇಲ್ಲದ ಗಾಡಿಗೆ ಸೀಲ್ ಬ್ಯಾಟರಿಯೇ ಸರಿ. ಒಂದೇ ಮಾತು: ಅದನ್ನು ಪೂರ್ತಿ ಡೌನ್ ಆಗಲು ಬಿಡಬಾರದು. ಲೈಟ್ ಹಾಕಿಯೇ ಮರೆತು ಖಾಲಿಯಾದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಆಂಟಿಮನಿ ಬೆರೆಸಿದ ಹಳೆ ಥರದ ಪ್ಲೇಟ್‌ಗಳು ಆ ಪೆಟ್ಟನ್ನು ಇನ್ನಷ್ಟು ತಡೆಯುತ್ತವೆ.

ಹಳೆ ಗಾಡಿಗೆ ಮಾತ್ರ ನನ್ನ ಓಟು ಮುಚ್ಚಳದ ಬ್ಯಾಟರಿಗೇ. ಒಳಗೆ ಏನಾಗುತ್ತಿದೆ ಅಂತ ಅದು ತೋರಿಸುತ್ತದೆ. ಹೈಡ್ರೋಮೀಟರ್ ಅದ್ದಿದರೆ ಐದು ಸೆಲ್ 1.240ರ ಮೇಲಿದ್ದು ಒಂದು ಮಾತ್ರ 1.180 ತೋರಿಸಿದರೆ, ಅದು ಬೇಗ ಕೈಕೊಡಬಹುದು ಅಂತ ಮೊದಲೇ ತಿಳಿಯುತ್ತದೆ. ಕೊಯ್ಲಿನ ಮಧ್ಯೆ ಗಾಡಿ ನಿಲ್ಲುವುದಿಲ್ಲ. ಹಾಕುವುದು ಡಿಸ್ಟಿಲ್ ವಾಟರ್ ಮಾತ್ರ. ಬೋರ್‌ವೆಲ್ ನೀರೂ ಬೇಡ, 'ಪವರ್ ಬರುತ್ತೆ' ಅಂತ ಆಸಿಡ್ಡೂ ಬೇಡ. ಹಾರಿ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ.

ಟರ್ಮಿನಲ್ ಮೇಲೆ ಹಸಿರು-ಬಿಳಿ ಹೂವು ಬಂದರೆ ಮುಚ್ಚಳಗಳು ಭದ್ರವಾಗಿವೆಯೇ ನೋಡಿಕೊಂಡು, ಅಡುಗೆ ಸೋಡ ಕಲಸಿದ ಬಿಸಿನೀರು ಹಾಕಿ ತೊಳೆಯುತ್ತೇನೆ. ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರುತ್ತೇನೆ. ವೈರ್ ತುದಿಯ ಕ್ಲಾಂಪ್ ಕಂಬಕ್ಕೆ ಇಳಿಯದಿದ್ದರೆ ಸ್ಕ್ರೂಡ್ರೈವರ್‌ನಿಂದ ಬಾಯಿ ಅಗಲಿಸಬೇಕು. ಸುತ್ತಿಗೆಯಿಂದ ಹೊಡೆದರೆ ಸೀಸದ ಕಂಬ ಒಳಗಿನಿಂದಲೇ ಬಿಟ್ಟುಕೊಳ್ಳುತ್ತದೆ.

ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕಿದರೆ ನೂರಿನ್ನೂರು ಜಾಸ್ತಿ ಸಿಗಬಹುದು. ನಾನು ಮಾತ್ರ ಹೊಸದು ಕೊಂಡ ಅಂಗಡಿಗೇ ಕೊಡುತ್ತೇನೆ. ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಸೀಸ. ಬಯಲಲ್ಲಿ ಒಡೆದು ಕರಗಿಸುವ ಕಡೆ ಆ ಹೊಗೆ ಕುಡಿಯುವವು ಸುತ್ತಮುತ್ತಲಿನ ಮಕ್ಕಳು.

ಮೊನ್ನೆ ಭಾವ ಫೋನ್ ಮಾಡಿದ್ದರು. ಸೆಲ್ಫ್ ಸ್ವಲ್ಪ ಎಳೆಯುತ್ತಿದೆಯಂತೆ, ಯಾವ ಬ್ಯಾಟರಿ ತರಲಿ ಅಂತ ಕೇಳಿದರು. 'ಬ್ಯಾಟರಿ ಆಮೇಲೆ ತರೋಣ ಭಾವ. ಮೊದಲು ಆ ಕ್ಲಾಂಪ್ ಕ್ಲೀನ್ ಮಾಡಿ ಬಿಗಿ ಮಾಡಿ. ಮೈನಸ್ ಮೊದಲು ಬಿಚ್ಚಿ. ನಾನು ಭಾನುವಾರ ಮೀಟರ್ ತಗೊಂಡು ಬರ್ತೀನಿ' ಅಂದೆ.