ಡಿಸ್ಕ್ ಹಾಕಿ ಆಡುವುದೋ, ಇಮೇಜ್ ಮಾಡಿಕೊಂಡು ಆಡುವುದೋ?

ಹಳೆಯ ಗೇಮ್ ಕನ್ಸೋಲನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್ ‘ಡಿಸ್ಕ್ ಇಲ್ಲ’ ಎಂದು ಹಟ ಹಿಡಿದಾಗ ಹೆಚ್ಚಿನವರು ಮೊದಲು ಕೆದಕುವುದು ಸೆಟ್ಟಿಂಗ್‌ಗಳನ್ನು. ನಾನು ಕಂಡಂತೆ ದೋಷ ಅಲ್ಲಿ ಸಿಗುವುದು ಅಪರೂಪ. ಡಿಸ್ಕಿನಿಂದ ಎಮ್ಯುಲೇಟರ್‌ವರೆಗಿನ ದಾರಿಯಲ್ಲಿ ದತ್ತಾಂಶ ಎಲ್ಲೋ ಸೋರಿಹೋಗಿರುತ್ತದೆ. ಆ ದಾರಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ನನ್ನ ಬಳಿಯ ಪ್ಲೇಸ್ಟೇಷನ್ 1 ಮತ್ತು 2ರ ಡಿಸ್ಕುಗಳನ್ನು ಕ್ರಮವಾಗಿ ಡಕ್‌ಸ್ಟೇಷನ್ ಮತ್ತು ಪಿಸಿಎಸ್‌ಎಕ್ಸ್2 ಎಂಬ ಎಮ್ಯುಲೇಟರ್‌ಗಳಲ್ಲಿ ನೇರವಾಗಿ ಡ್ರೈವ್‌ನಿಂದಲೂ, ಐಎಸ್‌ಒ, ಬಿನ್-ಕ್ಯೂ ಮತ್ತು ಸಿಎಚ್‌ಡಿ ಇಮೇಜ್‌ಗಳಾಗಿಯೂ (ಡಿಸ್ಕಿನ ನಕಲು ಕಡತಗಳಾಗಿಯೂ) ಓಡಿಸಿ ನೋಡಿದ್ದೇನೆ.

ನೇರ ಡ್ರೈವ್‌ನ ಆಕರ್ಷಣೆ ಸರಳವಾದದ್ದು: ಡಿಸ್ಕ್ ಹಾಕು, ಆಡು. ಪಿಸಿಎಸ್‌ಎಕ್ಸ್2ರ ಹಳೆಯ ಆವೃತ್ತಿಗಳಲ್ಲಿ ಇದಕ್ಕೂ ಒಂದು ತೊಡಕಿತ್ತು. ಅವುಗಳ ಸಿಡಿವಿಡಿ ಮೆನುವಿನಲ್ಲಿ ಐಎಸ್‌ಒ, ಪ್ಲಗಿನ್ (ಡ್ರೈವ್ ಓದುವ ಪೂರಕ ತಂತ್ರಾಂಶ), ನೋ ಡಿಸ್ಕ್ ಎಂಬ ಮೂರು ಆಯ್ಕೆಗಳಿದ್ದವು. ಮೂರನೆಯದಕ್ಕೆ ಗುರುತು ಬಿದ್ದಿದ್ದರೆ ಡ್ರೈವ್‌ನಲ್ಲಿ ಏನಿದ್ದರೂ ಕನ್ಸೋಲಿನ ಆರಂಭದ (ಬಯೋಸ್) ಪರದೆಯೇ ಗತಿ. 2024ರ 2.0 ಆವೃತ್ತಿಯ ಹೊತ್ತಿಗೆ ಪ್ಲಗಿನ್‌ಗಳ ಗೋಜು ಹೋಗಿ, ನೇರವಾಗಿ ಡಿಸ್ಕ್ ಆರಂಭಿಸುವ ಆಯ್ಕೆ ಬಂದಿದೆ. ಡಕ್‌ಸ್ಟೇಷನ್‌ನಲ್ಲೂ ಅದಿದೆ. ಲಿನಕ್ಸ್ ಬಳಸುವವರು ತಮ್ಮ ಖಾತೆಗೆ ಡ್ರೈವ್ ಓದುವ ಅನುಮತಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಆದರೆ ಈ ದಾರಿಯಲ್ಲಿ ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಗೀರು, ಸವೆದ ಲೇಸರ್, ಸಾಲದ ಯುಎಸ್‌ಬಿ ವಿದ್ಯುತ್ ಎಲ್ಲಕ್ಕೂ ಎಮ್ಯುಲೇಟರ್ ಕೊಡುವ ಉತ್ತರ ಒಂದೇ. ನನ್ನ ಬಳಿಯ ತೆಳುವಾದ ಯುಎಸ್‌ಬಿ ಡ್ರೈವ್ ಪ್ಲೇಸ್ಟೇಷನ್ 2ರ ಬೆಳ್ಳಿಬಣ್ಣದ ಡಿವಿಡಿಗಳನ್ನು ಸಲೀಸಾಗಿ ಓದುತ್ತಿತ್ತು, ಅದೇ ಕನ್ಸೋಲಿನ ನೀಲಿ ತಳದ ಸಿಡಿಗಳನ್ನು ಮಾತ್ರ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇದರಲ್ಲಿ ನೀಲಿ ಬಣ್ಣದ ತಪ್ಪೇನಿಲ್ಲ. ಡಿವಿಡಿ ಓದಲು ಸುಮಾರು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಬೇಕು, ಸಿಡಿ ಓದಲು 780 ನ್ಯಾನೊಮೀಟರಿನ ಅವಗೆಂಪು ಲೇಸರ್ ಬೇಕು. ಒಂದು ದುರ್ಬಲಗೊಂಡರೂ ಇನ್ನೊಂದು ಚೆನ್ನಾಗಿರಬಹುದು. ಕಂಪ್ಯೂಟರಿನೊಳಗಿನ ಹಳೆಯ ಸಾಟಾ ಡ್ರೈವ್ ಅವೇ ಸಿಡಿಗಳನ್ನು ತಕರಾರಿಲ್ಲದೆ ಓದಿತು. ಪ್ಲೇಸ್ಟೇಷನ್ 1ರ ಕಪ್ಪು ತಳದ ಡಿಸ್ಕುಗಳನ್ನು ಕಂಪ್ಯೂಟರ್ ಓದದು ಎಂಬ ಮಾತನ್ನೂ ನಂಬಬೇಡಿ. ಆ ಕಪ್ಪು ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಕಪ್ಪಾದರೂ ಅವಗೆಂಪು ಬೆಳಕಿಗೆ ಪಾರದರ್ಶಕ.

ಹಾಗಾಗಿ ನೇರ ಡ್ರೈವನ್ನು ನಾನು ಇಟ್ಟುಕೊಂಡಿರುವುದು ತಪಾಸಣೆಗೆ. ಡಿಸ್ಕ್ ಹಾಕಿ, ಎಮ್ಯುಲೇಟರನ್ನು ಬದಿಗಿಟ್ಟು, ಕಂಪ್ಯೂಟರಿನ ಫೈಲ್ ಪಟ್ಟಿಯಲ್ಲೇ ತೆರೆದು ನೋಡಿ. ‘ಸಿಸ್ಟಮ್ ಡಾಟ್ ಸಿಎನ್‌ಎಫ್’ ಎಂಬ ಪುಟ್ಟ ಪಠ್ಯ ಕಡತ ಕಂಡರೆ ಡ್ರೈವ್ ಡಿಸ್ಕನ್ನು ಗುರುತಿಸುತ್ತಿದೆ ಎಂದಾಯಿತು. ಅದರೊಳಗೆ ‘ಬೂಟ್2’ ಎಂಬ ಸಾಲಿದ್ದರೆ ಅದು ಪ್ಲೇಸ್ಟೇಷನ್ 2ರ ಆಟ, ಬರೀ ‘ಬೂಟ್’ ಇದ್ದರೆ 1ರದು. ಹಳೆಯ ಡಿಸ್ಕನ್ನು ತಪ್ಪು ಎಮ್ಯುಲೇಟರ್‌ಗೆ ಕೊಟ್ಟು ಗಂಟೆಗಟ್ಟಲೆ ತಲೆ ಚಚ್ಚಿಕೊಳ್ಳುವವರಿಗೆ ಈ ಒಂದು ಸಾಲು ಸಾಕು. ಫೈಲ್ ಪಟ್ಟಿಯೇ ತೆರೆಯದಿದ್ದರೆ ಮೆತ್ತನೆಯ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಇಲ್ಲವೇ ಬೇರೆ ಡ್ರೈವ್ ಹುಡುಕಿ. ಯಾವ ಸೆಟ್ಟಿಂಗ್ ಕೂಡ ನಿಮ್ಮನ್ನು ಕಾಪಾಡದು.

ಗೇಮ್‌ಕ್ಯೂಬ್, ವೀ, ಡ್ರೀಮ್‌ಕಾಸ್ಟ್ ಕನ್ಸೋಲುಗಳ ಡಿಸ್ಕುಗಳಿಗೆ ಈ ತಪಾಸಣೆಯೂ ಬೇಡ. ಸಾಮಾನ್ಯ ಕಂಪ್ಯೂಟರ್ ಡ್ರೈವ್‌ಗಳು ಅವುಗಳ ಆಟದ ಭಾಗವನ್ನು ಓದುವುದಿಲ್ಲ, ಅಷ್ಟೇ.

ಇನ್ನು ಐಎಸ್‌ಒ. ಪ್ಲೇಸ್ಟೇಷನ್ 2ರ ಡಿವಿಡಿಗೆ ಇದಕ್ಕಿಂತ ನಿರಾಯಾಸವಾದದ್ದು ಇಲ್ಲ. ಡಿವಿಡಿಯ ಪ್ರತಿ ಸೆಕ್ಟರ್‌ನಲ್ಲಿ (ದತ್ತಾಂಶದ ಒಂದು ತುಣುಕಿನಲ್ಲಿ) ಬಳಕೆಗೆ ಸಿಗುವುದು 2048 ಬೈಟ್, ಐಎಸ್‌ಒ ಹಿಡಿದಿಡುವುದೂ ಅಷ್ಟನ್ನೇ. ಇಮ್ಗ್‌ಬರ್ನ್‌ನಂತಹ ತಂತ್ರಾಂಶದಿಂದ ನಕಲು ತೆಗೆದುಕೊಂಡ ಮೇಲೆ ಡ್ರೈವ್ ಮಲಗಿ ಏಳುವಾಗ ಆಟ ತಡವರಿಸುವ ಕಾಟವೂ ತಪ್ಪಿತು. ಗೀರು ಬಿದ್ದ ಡಿಸ್ಕ್ ಇದ್ದರೆ ನಕಲು ತೆಗೆಯುವಾಗಲೇ ಇಂಥ ಸೆಕ್ಟರ್ ಓದಲಾಗಲಿಲ್ಲ ಎಂಬ ಸ್ಪಷ್ಟ ದೂರು ಬರುತ್ತದೆ. ನೇರ ಡ್ರೈವ್‌ನಲ್ಲಿ ಸಿಗದಿದ್ದ ಉತ್ತರ ಇದೇ.

ಅದೇ ಐಎಸ್‌ಒ ಪ್ಲೇಸ್ಟೇಷನ್ 1ರ ವಿಷಯದಲ್ಲಿ ಕೈಕೊಡುತ್ತದೆ. ಸಿಡಿಯ ಕಚ್ಚಾ ಸೆಕ್ಟರ್ 2352 ಬೈಟ್‌ಗಳದ್ದು. ಆಟದ ವಿಡಿಯೊದೊಂದಿಗೆ ಹೆಣೆದ, ಎಕ್ಸ್‌ಎ ಎಂಬ ಕುಗ್ಗಿಸಿದ ಧ್ವನಿ 2048ರ ಚೌಕಟ್ಟಿಗೆ ಹಿಡಿಯದ ಸೆಕ್ಟರ್‌ಗಳಲ್ಲಿ ಇರುತ್ತದೆ, ಸಂಗೀತ ಹಲವು ಸಲ ಬೇರೆಯೇ ಆಡಿಯೊ ಟ್ರ್ಯಾಕ್‌ಗಳಲ್ಲಿರುತ್ತದೆ. 74 ನಿಮಿಷದ ಸಿಡಿಯ ಐಎಸ್‌ಒ ಸುಮಾರು 650 ಎಂಬಿ ಆದರೆ ಕಚ್ಚಾ ನಕಲು 747 ಎಂಬಿ ಆಗುತ್ತದೆ. ಆಟ ತೆರೆದುಕೊಂಡರೂ ಪೀಠಿಕೆಯ ವಿಡಿಯೊದಲ್ಲಿ ನಿಂತುಬಿಡುತ್ತದೆ, ಇಲ್ಲವೇ ಮೂಕವಾಗಿ ಓಡುತ್ತದೆ. ಅರ್ಧ ಗುರುತಿಸಿದ ಡಿಸ್ಕ್ ಪೂರ್ತಿ ಗುರುತಿಸದ ಡಿಸ್ಕಿಗಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ಸಿಡಿಗೆ ಸರಿಯಾದದ್ದು ಬಿನ್-ಕ್ಯೂ ಜೋಡಿ. ಬಿನ್‌ನಲ್ಲಿ ಕಚ್ಚಾ ದತ್ತಾಂಶವಿದ್ದರೆ, ಕ್ಯೂ ಯಾವ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ ಎಂದು ಬರೆದಿಟ್ಟ ಪಠ್ಯ ಕಡತ. ಡಕ್‌ಸ್ಟೇಷನ್‌ಗೆ ಕ್ಯೂ ತೋರಿಸಿ, ಬಿನ್ ಅಲ್ಲ. ಇದರ ದೌರ್ಬಲ್ಯ ಒಂದೇ: ಬಿನ್‌ನ ಹೆಸರು ಬದಲಿಸಿದರೆ ಕ್ಯೂಗೆ ಅದು ಗೊತ್ತಾಗುವುದಿಲ್ಲ, ಒಳಗೆ ಹಳೆಯ ಹೆಸರೇ ಉಳಿದಿರುತ್ತದೆ. ಕ್ಯೂವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಹೆಸರು ತಿದ್ದಿದರೆ ಮುಗಿಯಿತು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಯುರೋಪಿನ ಕೆಲವು ಆಟಗಳಲ್ಲಿ ಲಿಬ್‌ಕ್ರಿಪ್ಟ್ ಎಂಬ ನಕಲು ತಡೆ ಇದೆ. ಅವುಗಳಿಗೆ ಎಸ್‌ಬಿಐ ಎಂಬ ಪುಟ್ಟ ಕಡತವೂ ಜೊತೆಗಿರಬೇಕು.

ಇವೆಲ್ಲವನ್ನೂ ಆಡಿದ ಮೇಲೆ ನಾನು ನಿಂತಿರುವುದು ಸಿಎಚ್‌ಡಿಯಲ್ಲಿ. ಮೇಮ್ ಎಂಬ ಎಮ್ಯುಲೇಟರ್ ಯೋಜನೆಯ ಸಿಎಚ್‌ಡಿಮ್ಯಾನ್ ತಂತ್ರಾಂಶ ಬಿನ್-ಕ್ಯೂ ಕಂತೆಯನ್ನು ಏನನ್ನೂ ಕಳೆಯದೆ ಒಂದೇ ಕಡತಕ್ಕೆ ಕುಗ್ಗಿಸುತ್ತದೆ, ಹೆಸರು ಬದಲಿಸಿದರೂ ಕೆಡುವುದಿಲ್ಲ. ಎರಡೂ ಎಮ್ಯುಲೇಟರ್‌ಗಳು ಇದನ್ನು ತೆರೆಯುತ್ತವೆ. ಸಿಎಚ್‌ಡಿಮ್ಯಾನ್‌ನ ವೆರಿಫೈ (ಪರಿಶೀಲನೆ) ಆಜ್ಞೆಯನ್ನು ಮಾತ್ರ ಅತಿಯಾಗಿ ನಂಬಬೇಡಿ. ಕಡತ ಆಮೇಲೆ ಕೆಟ್ಟಿಲ್ಲ ಎಂದಷ್ಟೇ ಅದು ಹೇಳುತ್ತದೆ. ಮೂಲ ನಕಲೇ ಸರಿಯಿತ್ತೇ ಎಂದು ತಿಳಿಯಲು, ಕುಗ್ಗಿಸುವ ಮುನ್ನ ಬಿನ್‌ನ ಹ್ಯಾಶನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು) ಸರಿಯಾದ ಡಿಸ್ಕ್ ನಕಲುಗಳ ಹ್ಯಾಶ್ ದಾಖಲಿಸುವ ರಿಡಂಪ್ ಪಟ್ಟಿಯೊಡನೆ ಹೋಲಿಸಬೇಕು.

ಹಲವು ಡಿಸ್ಕುಗಳ ಆಟಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನೇರ ಡ್ರೈವ್‌ನಲ್ಲಿ ಎರಡನೆಯ ಡಿಸ್ಕ್ ಹಾಕಿದಾಗ ಮತ್ತೆ ಅದೇ ‘ಗುರುತಿಸಲಾಗಲಿಲ್ಲ’ ರಗಳೆ. ಸಿಎಚ್‌ಡಿಗಳ ಹೆಸರನ್ನು ಸಾಲಾಗಿ ಬರೆದ ಒಂದು ಎಂ3ಯು ಕಡತವನ್ನು ಡಕ್‌ಸ್ಟೇಷನ್‌ಗೆ ಕೊಟ್ಟರೆ ಡಿಸ್ಕ್ ಬದಲಾವಣೆ ಮೆನುವಿನಲ್ಲೇ ಆಗುತ್ತದೆ, ಮೆಮೊರಿ ಕಾರ್ಡ್ ಕೂಡ ಎಲ್ಲಕ್ಕೂ ಒಂದೇ ಆಗಿರುತ್ತದೆ.